ಪೆನ್ನಿಗೆ ಮುಚ್ಚಳ ಬಿದ್ದ ಮೇಲೆ

ಪ್ರಶ್ನೆ: ಮೇಡಂ, ನಮ್ಮದು ಹೊಸನಗರದ ಹತ್ತಿರ ಹಳ್ಳಿ. ಬಿ.ಕಾಂ. ಮುಗಿಸಿ ಎರಡು ವರ್ಷ ಆಯ್ತು. ಮನೆಯಲ್ಲಿ ಅಡಿಕೆ ಸುಲಿಯುವವರ ಲೆಕ್ಕ ನಾನೇ ಬರೆಯುತ್ತೇನೆ. ಶಿವಮೊಗ್ಗದಲ್ಲಿ ಅಕೌಂಟ್ಸ್ ಕೆಲಸಕ್ಕೆ ಮೂರು ಇಂಟರ್‌ವ್ಯೂ ಕೊಟ್ಟೆ. ‘ಅನುಭವ ಇದೆಯಾ?’ ಅಂತ ಕೇಳುತ್ತಾರೆ. ‘ಇಲ್ಲ’ ಅನ್ನುತ್ತೇನೆ. ಅಲ್ಲಿಗೆ ಅವರ ಮುಖವೇ ಬದಲಾಗುತ್ತದೆ. ಆಮೇಲೆ ಏನಾದರೂ ಮಾಡಲು ಸಾಧ್ಯವಾ?

ಉತ್ತರ: ಸಾಧ್ಯ. ಮುಖ ಬದಲಾದದ್ದು ನಿಮಗೆ ಗೊತ್ತಾಯಿತಲ್ಲ, ಅದೇ ದೊಡ್ಡದು. ಎಷ್ಟೋ ಜನಕ್ಕೆ ಅದು ಕಾಣುವುದೇ ಇಲ್ಲ.

ನಾನು ಸಹಕಾರ ಸಂಘವೊಂದರಲ್ಲಿ ಹದಿನೆಂಟು ವರ್ಷ ಮೇಜಿನ ಆಚೆ ಬದಿ ಕೂತವಳು. ಒಂದು ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗ ಬಂದಿದ್ದ. ಫೈಲು ಅಂಚಿನಲ್ಲಿ ಒದ್ದೆ. ‘ಆಫೀಸಿನ ಖರ್ಚಿಗೆ ಬ್ಯಾಂಕಿನಿಂದ ನಗದು ತಂದರೆ ಯಾವ ಖಾತೆಗೆ ಡೆಬಿಟ್?’ ಅಂದರು ನಮ್ಮ ಸಂಘದ ಅಧ್ಯಕ್ಷರು. ‘ಬ್ಯಾಂಕ್’ ಅಂದ. ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿ ಮುಂದಿನ ಅರ್ಜಿ ಎತ್ತಿಕೊಂಡರು. ಹುಡುಗ ಅದನ್ನು ನೋಡಿದ. ‘ಸರ್, ಆಗಲೇ ತಪ್ಪು ಹೇಳಿದೆ. ನಗದು ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್’ ಅಂದ. ಅಧ್ಯಕ್ಷರು ಅರ್ಜಿ ಕೆಳಗಿಟ್ಟು ಪೆನ್ನಿನ ಮುಚ್ಚಳ ತೆಗೆದರು. ತಪ್ಪನ್ನು ತಾನೇ ಹಿಡಿದು ತಿದ್ದುವವನು ಲೆಕ್ಕದ ಕೆಲಸಕ್ಕೆ ಬೇಕೇ ಬೇಕು, ಅಲ್ವಾ? ಅವನನ್ನೇ ತೆಗೆದುಕೊಂಡೆವು.

ಇನ್ನು ನಿಮ್ಮ ‘ಇಲ್ಲ’. ಅದು ನಿಜವೇ ಅಲ್ಲ! ಯಾರು ಎಷ್ಟು ಡಬ್ಬ ಅಡಿಕೆ ಸುಲಿದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಸುಗ್ಗಿ ಮುಗಿದಾಗ ಕಳೆದು ಎಷ್ಟು ಕೊಡಬೇಕು. ಇದು ಲೆಡ್ಜರ್ ಅಲ್ಲದೆ ಮತ್ತೇನು? ಒಂದು ಡಬ್ಬ ತಪ್ಪಿ ಬರೆದರೆ ಮರುದಿನ ಅಂಗಳದಲ್ಲಿ ನಿಂತು ಕೇಳುತ್ತಾರೆ. ಅಂಥ ಲೆಕ್ಕ ಬರೆದವರು ನೀವು. ‘ನಿಮ್ಮ ಬಗ್ಗೆ ಹೇಳಿ’ ಅಂದಾಗಲೇ ಇದನ್ನು ಹೇಳಿಬಿಡಿ, ಅನುಭವದ ಪ್ರಶ್ನೆ ಬರುವವರೆಗೆ ಕಾಯಬೇಡಿ. ಶಿವಮೊಗ್ಗದಲ್ಲಿ ಮೇಜಿನ ಆಚೆ ತೋಟದವರು ಒಬ್ಬರಾದರೂ ಇರುತ್ತಾರೆ. ‘ಮುಂಗಡ ಜಾಸ್ತಿಯಾದರೆ ಏನು ಮಾಡುತ್ತೀರಿ?’ ಅಂತ ಕೇಳಿದರೆ ಸಾಕು, ಮಾತು ನಿಮ್ಮ ಅಂಗಳಕ್ಕೆ ಬಂತು.

ಉತ್ತರ ಕೊಟ್ಟ ಮೇಲೆ ಅವರು ಬರೆದುಕೊಳ್ಳುತ್ತಿದ್ದರೆ ಸುಮ್ನೆ ಕೂತಿರಿ. ಆ ಮೌನ ಕೆಟ್ಟದ್ದಲ್ಲ. ಹೆದರಿ ಏನೇನೋ ಸೇರಿಸಿ ಒಳ್ಳೆಯ ಉತ್ತರವನ್ನು ಕೆಡಿಸಿಕೊಂಡವರನ್ನು ತುಂಬ ನೋಡಿದ್ದೇನೆ.

ಸಹಕಾರ ಸಂಘಕ್ಕೆ ಹೋಗುವುದಾದರೆ ಗದಗ ಹತ್ತಿರದ ಕಣಗಿನಹಾಳ ನೆನಪಿರಲಿ. 1904ರ ಸಹಕಾರ ಕಾಯ್ದೆ ಬಂದ ಮೇಲೆ 1905ರಲ್ಲಿ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು ಅಲ್ಲಿ ಶುರುವಾಯಿತು, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಇದನ್ನು ನಾವು ಪ್ರತಿ ಸಲ ಕೇಳುತ್ತಿದ್ದೆವು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಊಹಿಸಬೇಡಿ.

ಕೊನೆಗೆ ‘ನೀವೇನಾದರೂ ಕೇಳಬೇಕಾ?’ ಅಂತಾರೆ. ಸಂಬಳಕ್ಕಿಂತ ಮೊದಲು ಕೆಲಸದ್ದು ಕೇಳಿ. ಲೆಕ್ಕ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿದೆಯಾ, ಮಾರ್ಚ್ ಕೊನೆಯಲ್ಲಿ ಎಷ್ಟು ಜನ ಕೂತು ಮುಗಿಸುತ್ತಾರೆ, ಹೀಗೆ.

ಮುಂದಿನ ಸಲ ಸುಲಿತದ ಲೆಕ್ಕದ ಪುಸ್ತಕವನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಅನುಭವದ ಮಾತು ಬಂದಾಗ ಒಂದು ಪುಟ ತೆಗೆದು ಮೇಜಿನ ಮೇಲಿಡಿ. ಅಡಿಕೆ ಚೊಗರಿನ ಕಲೆ ಇದ್ದರೆ ಇರಲಿ.