ವಿಮಾನಗಳಿಗೆ ರೇಡಿಯೋದಲ್ಲಿ ಸೂಚನೆ ಕೊಡುವ ಕಂಟ್ರೋಲರ್ ಹೇಳಿದ್ದನ್ನೇ ಪೈಲಟ್ ತಿರುಗಿ ಹೇಳೋದು ಯಾಕೆ? 'ಓಕೆ' ಅಂದ್ರೆ ಸಾಲದಾ?

ಸಾಲದು. ನಮ್ಮ ಬಳ್ಳಾರಿ ಹೋಟೆಲಲ್ಲಿ 'ಎರಡು ಒಗ್ಗರಣಿ, ನಾಲ್ಕು ಮಿರ್ಚಿ' ಅಂದರೆ ಸಪ್ಲೈಯರ್ ಅದನ್ನೇ ತಿರುಗಿ ಹೇಳುತ್ತಾನೆ, ಅಲ್ವಾ? ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎತ್ತರ, ರನ್‌ವೇ ನಂಬರಿನ ವಿಷಯದಲ್ಲೂ ಹಾಗೇ.

1977ರ ಮಾರ್ಚ್ 27, ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ, ದಟ್ಟ ಮಂಜು. ಕೆಎಲ್‌ಎಂ ವಿಮಾನದಿಂದ 'ಈಗ ಟೇಕಾಫ್‌ನಲ್ಲಿದ್ದೇವೆ' ಎಂಬ ಮಾತು ಬಂತು. ಹೊರಟೇಬಿಟ್ಟರೋ, ಹೊರಡಲು ಸಿದ್ಧರೋ? ಕಂಟ್ರೋಲರ್ 'ಓಕೆ' ಎಂದರು. ಬೆನ್ನಿಗೇ 'ಕಾಯಿರಿ, ನಾನೇ ಕರೆಯುತ್ತೇನೆ' ಎಂದೂ ಹೇಳಿದರು. ಆದರೆ ಅದೇ ಹೊತ್ತಿಗೆ ರನ್‌ವೇ ಮೇಲೇ ಇದ್ದ ಪ್ಯಾನ್ ಆಮ್ ವಿಮಾನವೂ ಮಾತಾಡಿತು. ಒಂದೇ ಚಾನೆಲ್ ನೋಡಿ, ಎರಡೂ ಮಾತು ಸೇರಿ ಕಿರ್ ಅಂತ ಸದ್ದಾಯಿತು, ಕೆಎಲ್‌ಎಂಗೆ ಸರಿಯಾಗಿ ಕೇಳಿಸಲಿಲ್ಲ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ಈಗ 'ಟೇಕಾಫ್' ಪದ ಅನುಮತಿ ಕೊಡಲು, ರದ್ದು ಮಾಡಲು ಮಾತ್ರ. ಉಳಿದಂತೆ 'ಡಿಪಾರ್ಚರ್' ಅನ್ನುತ್ತಾರೆ.