ಆ ಬೆಳಗಿನ ತಿಂಡಿಯನ್ನು ಯಾಕೆ ಕತ್ತರಿಸಲಿಲ್ಲ?

ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲಿಷ್ ಲೇಖಕ ಜೇಕಬ್ಸ್ ಬರೆದ ‘ದಿ ಮಂಕೀಸ್ ಪಾ’ ಕಥೆಯ ಅನುವಾದ ಓದಿದೆ. ಕೊನೆಗೆ ಬಾಗಿಲು ಬಡಿಯುವಾಗ ಮೈ ಜುಮ್ಮೆಂದಿತು. ಆದರೆ ಅದಕ್ಕೆ ಮೊದಲು ಚೆಸ್ ಆಟ, ಮಗನ ತಮಾಷೆ, ಬೆಳಗಿನ ತಿಂಡಿ ಎಲ್ಲ ಯಾಕೆ? ನಮ್ಮ ಭೂತಗಳು ಹೀಗೆ ಕಾಯಿಸುವುದಿಲ್ಲ. ಅರ್ಧ ಕತ್ತರಿಸಬಹುದಿತ್ತು.
— ಒಬ್ಬ ಓದುಗ, ಬದಿಯಡ್ಕ

ಉತ್ತರ: ಸಾರ್ಜೆಂಟ್ ಮೇಜರನ ಮಾತು ತುಸು ಜಾಸ್ತಿಯಾಯಿತು ಎಂದರೆ ಒಪ್ಪೋಣ. ಆದರೆ ತಿಂಡಿಯನ್ನು ಕತ್ತರಿಸುವುದಾ ಮಾರಾಯರೇ? ಇಡೀ ಕಥೆಯಲ್ಲಿ ನನ್ನನ್ನು ಹೆದರಿಸುವುದೇ ಆ ತಿಂಡಿ.

ಹಿಂದಿನ ರಾತ್ರಿ ನೆನಪಿಸಿಕೊಳ್ಳಿ. ಹೊರಗೆ ಮಳೆ, ಒಳಗೆ ಬೆಂಕಿ. ಭಾರತದಿಂದ ಮರಳಿದ ಆ ಸಾರ್ಜೆಂಟ್ ಮೇಜರ್ ಮೂರು ವರ ಕೊಡುವ ಒಣಗಿದ ಮಂಗನ ಕೈ ತೋರಿಸುತ್ತಾನೆ. ಅದರ ಮೊದಲ ಯಜಮಾನ ಮೂರನೇ ವರವಾಗಿ ಕೇಳಿದ್ದು ಸಾವು ಅಂದಾಗ ಎಲ್ಲರೂ ಗಪ್‌ಚುಪ್. ಮನೆಯೊಡೆಯ ವೈಟ್ 200 ಪೌಂಡ್ ಕೇಳುತ್ತಾನೆ, ಕೈ ಹಾವಿನಂತೆ ಹೊರಳುತ್ತದೆ. ಅಲ್ಲಿಂದ ಭಯವನ್ನು ಏರಿಸುತ್ತಲೇ ಹೋಗುವುದು ಯಾರಿಗೂ ಬರುತ್ತದೆ. ಜೇಕಬ್ಸ್ ಬೆಳಗು ಮಾಡಿಬಿಡುತ್ತಾನೆ. ಮೇಜಿನ ಮೇಲೆ ಚಳಿಗಾಲದ ಬಿಸಿಲು. ನಾನು ಬರುವ ಮೊದಲು ದುಡ್ಡು ಮುಟ್ಟಬೇಡಿ ಅಂತ ಮಗ ಹರ್ಬರ್ಟ್ ಚೇಷ್ಟೆ ಮಾಡಿ ಕೆಲಸಕ್ಕೆ ಹೋಗುತ್ತಾನೆ. ರಾತ್ರಿ ಸುಮ್ನೆ ಹೆದರಿದೆವಲ್ಲ ಎಂದು ನಮಗೂ ನಾಚಿಕೆ. ಆಗ ಬರುತ್ತಾನೆ ರೇಷ್ಮೆ ಟೋಪಿಯವನು, ಗೇಟಿನಲ್ಲಿ ಅನುಮಾನಿಸುತ್ತ. ಹರ್ಬರ್ಟ್ ಯಂತ್ರಕ್ಕೆ ಸಿಕ್ಕಿ ಸತ್ತ. ಕಂಪನಿಯದ್ದು ಹೊಣೆಯಿಲ್ಲ, ಆದರೂ ಪರಿಹಾರ 200 ಪೌಂಡ್. ಕತ್ತಲೂ ಇಲ್ಲ, ಭೂತವೂ ಇಲ್ಲ. ಹಾಡುಹಗಲಲ್ಲಿ ಒಂದು ಲೆಕ್ಕದ ಮಾತು!

ನಿಮ್ಮ ಮೈ ಜುಮ್ಮೆನಿಸಿದ ಬಾಗಿಲೂ ಹಾಗೆಯೇ. ಸತ್ತ ಮಗ ಬದುಕಿ ಬರಲಿ ಎಂದು ಎರಡನೇ ವರ ಕೇಳಿದ ಮೇಲೆ ಬಾಗಿಲು ಬಡಿಯುತ್ತದೆ. ಅದೇ ಸದ್ದು ತಾಯಿಗೆ ಸಂಭ್ರಮ, ಅಪ್ಪನಿಗೆ ನಡುಕ. ಹರ್ಬರ್ಟ್ ನಗುವುದನ್ನು ನೀವು ಕೇಳಿರದಿದ್ದರೆ ಹೊರಗೆ ಯಾರು ನಿಂತರೆ ನಿಮಗೇನು? 1902ರಲ್ಲಿ ಇದು ಬಂದಾಗ ಜೇಕಬ್ಸ್ ಹೆಸರು ಮಾಡಿದ್ದು ನಾವಿಕರ ಹಾಸ್ಯಕಥೆಗಳಿಗೆ. ನಗಿಸಲು ಬಲ್ಲವನಿಗೇ ನಗು ಎಲ್ಲಿ ನಿಲ್ಲಬೇಕೆಂದು ಗೊತ್ತು.

ಇನ್ನು ನಮ್ಮ ಭೂತಗಳು ಕಾಯಿಸುವುದಿಲ್ಲವೇ? ಭೂತಾರಾಧನೆಯ ಕೋಲಕ್ಕೆ ಹೋದವರ ಮಾತಲ್ಲ ಇದು. ಭೂತ ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುವ ಎಣ್ಣೆಬೂಳ್ಯ ಆಗಬೇಕು, ಭೂತದ ಕಥೆಯ ಹಾಡು ಪಾಡ್ದನ ಹೇಳಬೇಕು, ಬಣ್ಣ ಹಚ್ಚಬೇಕು. ಅಷ್ಟರಲ್ಲಿ ಚಾ, ಹರಟೆ, ಮಕ್ಕಳ ಗಲಾಟೆ. ಕಾಲಿನ ಗಗ್ಗರದ ಸದ್ದಿಗೆ ಅದೆಲ್ಲ ಒಮ್ಮೆಗೇ ನಿಲ್ಲುವುದನ್ನು ನೀವು ಕಂಡಿಲ್ಲವೇ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರು ನಾವು. ರಾತ್ರಿಯಿಡೀ ನಡೆಯುವ ಆಟದಲ್ಲಿ ಹಾಸ್ಯಗಾರನ ಮಾತಿಗೆ ನಕ್ಕು, ಸಣ್ಣ ನಿದ್ದೆ ತೆಗೆದ ಮೇಲೆ ರಾಕ್ಷಸನ ಬಣ್ಣದ ವೇಷ ಅಬ್ಬರಿಸಿ ಬಂದರೆ ಅದರ ಗತ್ತೇ ಬೇರೆ. ಈಗ ಹಲವು ಕಡೆ ಆಟಕ್ಕೂ ಕಾಲಮಿತಿ. ನಮಗೆ ಬರುವ ಭೂತದ ಕಥೆಗಳೂ ಅಮಾವಾಸ್ಯೆ, ಗೂಬೆ, ನಾಯಿಯ ಊಳು ಇಲ್ಲದೆ ಶುರುವಾಗುವುದಿಲ್ಲ.

ಕಥೆಯ ಏರಿಳಿತ ಕಿವಿಗೆ ಬೀಳಬೇಕಾದ್ದು ಶಾಲೆಯಲ್ಲಿ, ಅಲ್ವಾ? ಗಡಿನಾಡು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸುತ್ತಾರೆ. ಪಾಠಕ್ಕೇ ಪರದಾಡುವವರು ಕಥೆ ಓದಿ ಹೇಳುವುದು ಯಾವಾಗ? ಪ್ರತಿಭಟನೆ ಮಾಡಿ ಮಾಡಿ ಹೆತ್ತವರಿಗೂ ಸಾಕಾಗಿದೆ.

ನಿಮ್ಮ ಪತ್ರ ಚೆನ್ನಾಗಿದೆ, ಕೈ ಪಳಗಿದೆ. ಒಂದು ಭೂತದ ಕಥೆ ಬರೆದು ಕಳಿಸಿ. ಮೊದಲ ಪುಟದಲ್ಲೇ ಭೂತ ಬಂದರೆ ಮಾತ್ರ ವಾಪಸು ಕಳಿಸುತ್ತೇನೆ.

— ಸಂ.