ಸಕ್ಕರೆ ಕಾಯಿಲೆ ಇದ್ದರೆ ಇಂಪ್ಲಾಂಟ್ ಬೇಡವೇ?

ಪ್ರಶ್ನೆ: ನನಗೆ 63 ವರ್ಷ. ಕೆಳಗಿನ ಎರಡು ದವಡೆ ಹಲ್ಲು ಹೋಗಿ ವರ್ಷಗಳಾದವು. ಜೋಳದ ರೊಟ್ಟಿ ಒಂದೇ ಕಡೆ ಅಗಿಯುತ್ತೇನೆ. ಸಕ್ಕರೆ ಕಾಯಿಲೆಯೂ ಇದೆ. ಇಂಪ್ಲಾಂಟ್ ಹಾಕಿಸಬಹುದೇ ಡಾಕ್ಟ್ರೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಹಾಕಿಸಬಹುದು. ಆದರೆ ಮೊದಲು ಸಕ್ಕರೆ ಹತೋಟಿಗೆ ಬರಲಿ. ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ, ಸೋಂಕಿನ ಭಯವೂ ಜಾಸ್ತಿ. ಇಂಪ್ಲಾಂಟ್ ಅಂದರೆ ದವಡೆ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಮೂಳೆ ಅದನ್ನು ಗಟ್ಟಿಯಾಗಿ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಆಮೇಲೆ ಅದರ ಮೇಲೆ ಕ್ಯಾಪ್, ಅಂದರೆ ಕೃತಕ ಹಲ್ಲು. ದಾದರ್‌ನ ನನ್ನ ಕ್ಲಿನಿಕ್ಕಿಗೆ ಬರುವವರು ‘ಒಂದೇ ದಿನದಲ್ಲಿ ಆಗುತ್ತಾ?’ ಅಂತಲೇ ಶುರು ಮಾಡುತ್ತಾರೆ! ನಿಮಗೆ ಆ ಅವಸರ ಬೇಡ. ಹಲ್ಲು ಹೋಗಿ ವರ್ಷಗಳಾಗಿವೆ ಅಲ್ವಾ, ಅಲ್ಲಿನ ಮೂಳೆ ಸವೆದಿರುತ್ತದೆ. ಸ್ಕ್ಯಾನ್ ನೋಡದೆ ಯಾರಾದರೂ ದರ ಹೇಳಿದರೆ ಒಪ್ಪಬೇಡಿ. ತಂಬಾಕಿನ ಚಟವಿದ್ದರೆ ಈಗಲೇ ಬಿಡಿ. ಮೈಯ ಮೂಳೆಗಳು ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೋಪೊರೋಸಿಸ್) ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡಿದ್ದರೆ ದಂತವೈದ್ಯರಿಗೆ ಮುಚ್ಚಿಡದೆ ಹೇಳಿ.